ಹಲವು ವೆಬ್ ಸರ್ವರ್ ಪ್ರೊಸೆಸ್‌ಗಳ ನಡುವೆ ಡೇಟಾ ಹಂಚಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಸಣ್ಣಪುಟ್ಟ ವೆಬ್‌ಸೈಟ್ ಮಾಡುವವರು ಜಾಸ್ತಿ ಆಗಿದ್ದಾರೆ. ಅಡಿಕೆ ಧಾರಣೆ ತೋರಿಸುವುದು, ಹೋಂಸ್ಟೇ ರೂಮು ಬುಕ್ ಮಾಡುವುದು, ದೇವಸ್ಥಾನದ ಸೇವೆಗೆ ರಸೀದಿ ಕೊಡುವುದು, ಹಾಲಿನ ಡೈರಿಯ ಲೆಕ್ಕ ಇಡುವುದು, ಹೀಗೆ. ಬರೆಯುವವರು ಕಾಲೇಜಿನ ಹುಡುಗ ಹುಡುಗಿಯರು, ಇಲ್ಲವೇ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಾ ಬಿಡುವಿನಲ್ಲಿ ಊರಿನವರಿಗೆ ನೆರವಾಗುವವರು. ಪ್ರೋಗ್ರಾಮ್ ಚೆನ್ನಾಗಿಯೇ ಬರೆದಿರುತ್ತಾರೆ. ಆದರೆ ಅದು ಒಂದಕ್ಕಿಂತ ಹೆಚ್ಚು ಪ್ರೊಸೆಸ್‌ನಲ್ಲಿ (ಅಂದರೆ ಒಂದೇ ಪ್ರೋಗ್ರಾಮಿನ ಹಲವು ಪ್ರತಿಗಳಾಗಿ) ಓಡಲು ಶುರುವಾದ ದಿನ ಲೆಕ್ಕ ತಪ್ಪುತ್ತದೆ. ಆಗ ಬರುವ ಪ್ರಶ್ನೆಗಳು ಇಲ್ಲಿವೆ.

ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿತ್ತು. ಸರ್ವರ್‌ಗೆ ಹಾಕಿದ ಮೇಲೆ ಒಮ್ಮೆ ಹಳೇ ಧಾರಣೆ, ಒಮ್ಮೆ ಹೊಸ ಧಾರಣೆ ತೋರಿಸುತ್ತಿದೆ. ಯಾಕೆ?

ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಪ್ರೋಗ್ರಾಮ್ ಒಂದೇ ಪ್ರೊಸೆಸ್ ಆಗಿ ಓಡುತ್ತಿತ್ತು. ಸರ್ವರ್‌ನಲ್ಲಿ ಗುನಿಕಾರ್ನ್, ಪಿಎಚ್‌ಪಿ-ಎಫ್‌ಪಿಎಂ ಅಥವಾ ಅಪಾಚೆ ಥರದ ಸರ್ವರ್ ಪ್ರೋಗ್ರಾಮ್ ಅದನ್ನೇ ಹಲವು ವರ್ಕರ್‌ಗಳಾಗಿ, ಅಂದರೆ ಕೋರಿಕೆಗಳಿಗೆ ಉತ್ತರಿಸುವ ಬೇರೆ ಬೇರೆ ಪ್ರೊಸೆಸ್‌ಗಳಾಗಿ, ಓಡಿಸುತ್ತದೆ. ನೋಡ್ ಬಳಸುವವರು ಪಿಎಂ2ದಲ್ಲಿ ಕ್ಲಸ್ಟರ್ ಮೋಡ್ ಹಾಕಿದರೂ ಇದೇ ಕಥೆ. ಪ್ರತಿ ವರ್ಕರ್‌ಗೂ ಅದರದ್ದೇ ಮೆಮೊರಿ. ಒಂದರ ಮೆಮೊರಿಯನ್ನು ಇನ್ನೊಂದು ನೋಡದಂತೆ ಆಪರೇಟಿಂಗ್ ಸಿಸ್ಟಮ್ಮೇ ತಡೆಯುತ್ತದೆ.

ನೀವು ರಾಶಿ, ಬೆಟ್ಟೆ, ಸರಕು, ಗೊರಬಲು ಧಾರಣೆಗಳನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ಮಂಡಿಯವರು ಮಧ್ಯಾಹ್ನ ಹೊಸ ಧಾರಣೆ ಹಾಕಿದರು. ಆ ಕೋರಿಕೆ ಹೋಗಿದ್ದು ನಾಲ್ಕರಲ್ಲಿ ಒಂದು ವರ್ಕರ್‌ಗೆ. ಉಳಿದ ಮೂರಕ್ಕೆ ಸುದ್ದಿಯೇ ಗೊತ್ತಿಲ್ಲ. ರೈತರು ಪುಟ ತೆರೆದಾಗ ಯಾವ ವರ್ಕರ್ ಸಿಕ್ಕಿತೋ ಅದರ ಉತ್ತರ ಬರುತ್ತದೆ. ನಾಲ್ಕು ಜನ ಗುಮಾಸ್ತರು ಒಂದೇ ಖಾತೆ ಪುಸ್ತಕ ನೋಡದೆ ತಮ್ಮ ತಮ್ಮ ನೆನಪಿನಿಂದ ಉತ್ತರ ಕೊಟ್ಟಂತೆ ಇದು.

ಪರೀಕ್ಷೆ ಮಾಡಬೇಕಾದರೆ ಪುಟದ ಕೆಳಗೆ ಪ್ರೊಸೆಸ್‌ನ ಐಡಿ ಸಂಖ್ಯೆ ಮುದ್ರಿಸಿ, ಹತ್ತಾರು ಸಲ ರಿಫ್ರೆಶ್ ಮಾಡಿ. ಸಂಖ್ಯೆಯ ಜೊತೆಗೇ ಧಾರಣೆಯೂ ಬದಲಾಗುತ್ತಿದ್ದರೆ ಕಾರಣ ಇದೇ.

ಪ್ರೋಗ್ರಾಮನ್ನು ಮೊದಲೇ ಲೋಡ್ ಮಾಡಿ, ಆಮೇಲೆ ವರ್ಕರ್‌ಗಳನ್ನು ಹುಟ್ಟಿಸಿದರೆ ಮೆಮೊರಿ ಹಂಚಿಕೆಯಾಗುತ್ತದೆ ಎನ್ನುತ್ತಾರಲ್ಲ?

ಅರ್ಧ ನಿಜ. ಗುನಿಕಾರ್ನ್‌ನ ಪ್ರಿಲೋಡ್ ಆಯ್ಕೆ ಹಾಕಿದರೆ ತಾಯಿ ಪ್ರೊಸೆಸ್ ಎಲ್ಲವನ್ನೂ ಓದಿಕೊಂಡು ಆಮೇಲೆ ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ನಕಲುಗಳಾಗಿ ಮರಿ ಪ್ರೊಸೆಸ್‌ಗಳನ್ನು ಹುಟ್ಟಿಸುತ್ತದೆ. ಆ ಕ್ಷಣದವರೆಗಿನ ಮೆಮೊರಿ ಪುಟಗಳು (ಮೆಮೊರಿಯ ಸಣ್ಣ ತುಂಡುಗಳು) ಎಲ್ಲರಿಗೂ ಒಂದೇ ಆಗಿರುತ್ತವೆ. ಆದರೆ ಯಾವುದೇ ಮರಿ ಪ್ರೊಸೆಸ್ ಒಂದು ಪುಟಕ್ಕೆ ಬರೆದ ತಕ್ಷಣ ಕರ್ನಲ್ ಅದಕ್ಕೆ ಆ ಪುಟದ ಬೇರೆ ಪ್ರತಿ ಮಾಡಿಕೊಡುತ್ತದೆ. ಹಾಗಾಗಿ ಬದಲಾಗದ ಡೇಟಾಗೆ ಇದರಿಂದ ಮೆಮೊರಿ ಉಳಿಯುತ್ತದೆ, ತಾಲ್ಲೂಕು ಹೋಬಳಿಗಳ ಪಟ್ಟಿ ಥರದ್ದಕ್ಕೆ. ಬದಲಾಗುವ ಡೇಟಾಗೆ ಏನೂ ಪ್ರಯೋಜನವಿಲ್ಲ.

ಹಾಗಾದರೆ ಒಂದೇ ವರ್ಕರ್ ಇಟ್ಟುಕೊಂಡರೆ ಆಯ್ತಲ್ವಾ?

ನಾಲ್ಕು ದಿನದ ಮಟ್ಟಿಗೆ ಆಗಬಹುದು. ಆದರೆ ಒಂದು ನಿಧಾನದ ಕೋರಿಕೆ ಬಂದರೆ ಹಿಂದಿನವರೆಲ್ಲ ಕಾಯಬೇಕು. ಗುನಿಕಾರ್ನ್‌ನಲ್ಲಿ ಸಾಮಾನ್ಯ ವರ್ಕರ್ ಒಂದೇ ಕೋರಿಕೆಯಲ್ಲಿ 30 ಸೆಕೆಂಡಿಗಿಂತ ಹೆಚ್ಚು ಸಿಕ್ಕಿಕೊಂಡರೆ ಮಾಸ್ಟರ್ (ತಾಯಿ ಪ್ರೊಸೆಸ್) ಅದನ್ನು ಕೊಂದು ಹೊಸದನ್ನು ಹುಟ್ಟಿಸುತ್ತದೆ. ಮೆಮೊರಿಯಲ್ಲಿದ್ದದ್ದೆಲ್ಲ ಅಲ್ಲಿಗೆ ಹೋಯಿತು. ಥ್ರೆಡ್ ಬಳಸಿದರೆ ಮೆಮೊರಿ ಹಂಚಿಕೆ ಆಗುತ್ತದೆ ನಿಜ, ಆದರೆ ಒಂದು ಹೊತ್ತಿಗೆ ಒಬ್ಬರೇ ಬದಲಾಯಿಸುವಂತೆ ಬೀಗ (ಲಾಕ್) ಹಾಕುವ ಉಸಾಬರಿ ತಪ್ಪುವುದಿಲ್ಲ, ರೀಸ್ಟಾರ್ಟ್ ಆದರೆ ಡೇಟಾ ಉಳಿಯುವುದೂ ಇಲ್ಲ.

ಯಾವ ಡೇಟಾ ಎಲ್ಲಿಡಬೇಕು ಅಂತ ಹೇಗೆ ತೀರ್ಮಾನಿಸುವುದು?

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹರಿಯುವುದು ಹೊಸದೇನಲ್ಲ. ಅಂಗಡಿಯಲ್ಲೇ ಒಂದು ಸಣ್ಣ ಮಷೀನ್ ಸರ್ವರ್ ಆಗಿ ಇಟ್ಟುಕೊಂಡವರೂ ಇದ್ದಾರೆ. ಯುಪಿಎಸ್ ಬ್ಯಾಟರಿ ಮುಗಿದು ಮಷೀನ್ ದಿಢೀರನೆ ಆಫ್ ಆಯಿತು ಅಂದುಕೊಳ್ಳಿ. ಮತ್ತೆ ಆನ್ ಆದಾಗ ಏನು ಇಲ್ಲದಿದ್ದರೆ ನೀವು ಗಿರಾಕಿಗೆ ಮುಖ ತೋರಿಸಲಾರಿರಿ? ತೂಕದ ಚೀಟಿ, ಬುಕಿಂಗ್, ಹಣ ಬಂದ ದಾಖಲೆ. ಇವು ಡೇಟಾಬೇಸ್‌ನಲ್ಲಿ, ಡಿಸ್ಕ್ ಮೇಲೆ ಇರಲೇಬೇಕು. ಇದರಲ್ಲಿ ಮಾತಿಲ್ಲ.

ಲಾಗಿನ್ ಸೆಷನ್ ಹೋದರೆ ಜನ ಮತ್ತೆ ಲಾಗಿನ್ ಆಗುತ್ತಾರೆ, ಸ್ವಲ್ಪ ಬೈದುಕೊಳ್ಳುತ್ತಾರೆ ಅಷ್ಟೆ. ಅದು ರೆಡಿಸ್‌ನಲ್ಲಿದ್ದರೂ (ಡೇಟಾವನ್ನು ಮೆಮೊರಿಯಲ್ಲಿಟ್ಟು ಎಲ್ಲ ಪ್ರೊಸೆಸ್‌ಗಳಿಗೂ ಕೊಡುವ ಸರ್ವರ್) ನಡೆಯುತ್ತದೆ. ಕಳೆದ ತಿಂಗಳ ಧಾರಣೆಯ ಗ್ರಾಫ್ ಹೋದರೆ ಮತ್ತೆ ಲೆಕ್ಕ ಹಾಕಿ ಬರೆಯಬಹುದು. ಅದಕ್ಕೆ ಕ್ಯಾಶ್ (cache, ಹೋದರೂ ಮತ್ತೆ ಮಾಡಿಕೊಳ್ಳಬಹುದಾದ ತಾತ್ಕಾಲಿಕ ಪ್ರತಿ) ಸಾಕು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಒಂದು ಊರಿನ ಮಟ್ಟದ ಕೆಲಸಕ್ಕೆ ಮೊದಲ ದಿನವೇ ಡೇಟಾಬೇಸ್, ರೆಡಿಸ್, ಮೆಸೇಜ್ ಕ್ಯೂ ಅಂತ ಸಾಲಾಗಿ ಜೋಡಿಸಬೇಡಿ. ಒಂದು ಒಳ್ಳೆಯ ಡೇಟಾಬೇಸ್‌ನಲ್ಲಿ ಸೆಷನ್ನೂ ಇಡಬಹುದು, ಕೆಲಸದ ಸರದಿಯನ್ನೂ ಇಡಬಹುದು. ರಾತ್ರಿ ಹನ್ನೊಂದಕ್ಕೆ ಏನಾದರೂ ಕೈಕೊಟ್ಟಾಗ ನೋಡಬೇಕಾದ ಜಾಗ ಒಂದೇ ಇರುತ್ತದೆ.

ಎಸ್‌ಕ್ಯೂಲೈಟ್ ಸಾಕೇ? "ಡೇಟಾಬೇಸ್ ಈಸ್ ಲಾಕ್ಡ್" ಅಂತ ಬರುತ್ತಿದೆ.

ಇಡೀ ಡೇಟಾಬೇಸನ್ನು ಒಂದೇ ಫೈಲ್‌ನಲ್ಲಿ ಇಡುವಂಥದ್ದು ಎಸ್‌ಕ್ಯೂಲೈಟ್. ಒಂದೇ ಮಷೀನ್ ಆದರೆ ಬಹಳಷ್ಟು ಸಲ ಸಾಕು. ಹಲವು ಪ್ರೊಸೆಸ್‌ಗಳು ಒಂದೇ ಎಸ್‌ಕ್ಯೂಲೈಟ್ ಫೈಲನ್ನು ತೆರೆಯುವುದು ತಪ್ಪಲ್ಲ, ಅದಕ್ಕೆಂದೇ ಅದರಲ್ಲಿ ಬೀಗದ ವ್ಯವಸ್ಥೆ ಇದೆ. ನೆನಪಿಡಬೇಕಾದ್ದು, ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು.

ಮೊದಲು ವಾಲ್ (WAL) ಮೋಡ್ ಹಾಕಿ, ಅಂದರೆ ಹೊಸ ಬರಹಗಳು ಮೊದಲು ಪಕ್ಕದ ಲಾಗ್ ಫೈಲ್‌ಗೆ ಹೋಗುವ ವಿಧಾನ. 2010ರಲ್ಲಿ 3.7.0 ಆವೃತ್ತಿಯಲ್ಲಿ ಬಂದದ್ದು ಇದು. ಇದರಲ್ಲಿ ಬರೆಯುವವರು ಓದುವವರನ್ನು ತಡೆಯುವುದಿಲ್ಲ, ಓದುವವರು ಬರೆಯುವವರನ್ನು ತಡೆಯುವುದಿಲ್ಲ. ಎರಡನೆಯದು, ಬೀಗ ಸಿಗದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಬ್ಯುಸಿ ಟೈಮ್‌ಔಟ್ ಕೊಡಿ. ಎಸ್‌ಕ್ಯೂಲೈಟ್ ಸ್ವತಃ ಕಾಯದೆ ಕೂಡಲೇ ದೋಷ ಹೇಳುತ್ತದೆ. ಪೈಥಾನ್‌ನ ಮಾಡ್ಯೂಲ್ 5 ಸೆಕೆಂಡು ಕಾಯುವಂತೆ ಮೊದಲೇ ಹೊಂದಿಸಿಕೊಂಡಿರುತ್ತದೆ. ಬೇರೆ ಭಾಷೆಗಳಲ್ಲಿ ನೀವೇ ನೋಡಿಕೊಳ್ಳಿ.

ಇಷ್ಟಾದರೂ ದೋಷ ಬರುತ್ತದೆ ಎನ್ನುವವರು ತಮ್ಮ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಓದು-ಬರಹಗಳ ಗುಂಪು) ಹೇಗೆ ಶುರುವಾಗುತ್ತದೆ ಎಂದು ನೋಡಬೇಕು. ಸುಮ್ನೆ "ಬಿಗಿನ್" ಅಂದರೆ ಅದು ಓದುಗನಾಗಿ ಶುರುವಾಗುತ್ತದೆ. ನಡುವೆ ಬೇರೆ ವರ್ಕರ್ ಬರೆದುಬಿಟ್ಟಿದ್ದರೆ, ನೀವು ಬರೆಯಲು ಹೋದಾಗ ನಿಮ್ಮ ಕೈಲಿರುವುದು ಹಳೇ ಚಿತ್ರ. ಆಗ ಎಷ್ಟು ಟೈಮ್‌ಔಟ್ ಕೊಟ್ಟಿದ್ದರೂ ತಕ್ಷಣ ದೋಷ ಬರುತ್ತದೆ. ಬರೆಯುವುದು ಖಚಿತ ಎಂದಾದರೆ "ಬಿಗಿನ್ ಇಮಿಡಿಯೆಟ್" ಎಂದೇ ಶುರು ಮಾಡಿ. ಬೀಗ ಮೊದಲೇ ಸಿಗುತ್ತದೆ, ಸಿಗದಿದ್ದರೆ ಟೈಮ್‌ಔಟ್ ಮುಗಿಯುವವರೆಗೆ ಕಾಯುತ್ತದೆ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಎಸ್ಎಂಎಸ್ ಕಳಿಸುವುದು, ಪೇಮೆಂಟ್ ಉತ್ತರಕ್ಕೆ ಕಾಯುವುದು ಮಾತ್ರ ಖಂಡಿತ ಬೇಡ.

ಕರೆಂಟ್ ಹೋಗುವ ಜಾಗದಲ್ಲಿ ಇನ್ನೊಂದು ಮಾತು. ವಾಲ್ ಮೋಡ್ ಜೊತೆಗೆ ವೇಗಕ್ಕಾಗಿ "ಸಿಂಕ್ರೋನಸ್ ನಾರ್ಮಲ್" ಹಾಕಲು ಹಲವರು ಹೇಳುತ್ತಾರೆ. ಕರೆಂಟ್ ಹೋದರೆ ಫೈಲ್ ಕೆಡುವುದಿಲ್ಲ, ಆದರೆ ಕೊನೆಯ ಕೆಲವು ಬರಹಗಳು ಹೋಗಬಹುದು. ತೂಕದ ಚೀಟಿ, ಹಣದ ಲೆಕ್ಕಕ್ಕೆ "ಫುಲ್" ಇರಲಿ. ಸ್ವಲ್ಪ ನಿಧಾನವಾದರೂ ಪರವಾಗಿಲ್ಲ.

ಒಂದೇ ರೂಮು ಇಬ್ಬರಿಗೆ ಬುಕ್ ಆಗಿದೆ. ಡೇಟಾ ಡೇಟಾಬೇಸ್‌ನಲ್ಲೇ ಇದೆಯಲ್ಲ, ಹೇಗಾಯಿತು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಡೇಟಾ ಹೊರಗಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಅದನ್ನು ಬದಲಾಯಿಸುವ ಕೆಲಸವೂ ಅಲ್ಲೇ, ಒಂದೇ ಏಟಿಗೆ ಆಗಬೇಕು.

ಆಗುಂಬೆ ಹತ್ತಿರದ ಒಂದು ಹೋಂಸ್ಟೇ. ಜುಲೈ ತಿಂಗಳ ಶನಿವಾರ, ಮಳೆ ನೋಡಲು ಬರುವವರು ಜಾಸ್ತಿ. ಒಂದು ರೂಮು ಉಳಿದಿದೆ. ಇಬ್ಬರು ಒಂದೇ ಹೊತ್ತಿಗೆ "ಬುಕ್ ಮಾಡಿ" ಒತ್ತಿದರು. ಒಬ್ಬರ ಕೋರಿಕೆ ಒಂದು ವರ್ಕರ್‌ಗೆ, ಇನ್ನೊಬ್ಬರದ್ದು ಮತ್ತೊಂದಕ್ಕೆ ಹೋಯಿತು. ಮೊದಲನೆಯ ವರ್ಕರ್ ಓದಿತು: ಖಾಲಿ 1. ಎರಡನೆಯದೂ ಓದಿತು: ಖಾಲಿ 1. ಮೊದಲನೆಯದು ಒಂದು ಕಳೆದು 0 ಎಂದು ಬರೆಯಿತು. ಎರಡನೆಯದೂ ತನ್ನ ಬಳಿಯಿದ್ದ 1ರಲ್ಲಿ ಒಂದು ಕಳೆದು 0 ಎಂದೇ ಬರೆಯಿತು. ಡೇಟಾಬೇಸ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಶನಿವಾರ ಸಂಜೆ ಎರಡು ಕುಟುಂಬ ನೆನೆದುಕೊಂಡು ಬಂದು ಅಂಗಳದಲ್ಲಿ ನಿಂತಾಗಲೇ ಗೊತ್ತಾಗುವುದು.

ಓದುವುದು, ಪ್ರೋಗ್ರಾಮ್‌ನಲ್ಲಿ ಲೆಕ್ಕ ಹಾಕುವುದು, ವಾಪಸ್ ಬರೆಯುವುದು: ಈ ಮೂರರ ನಡುವಿನ ಸಂದಿಯಲ್ಲಿ ಇನ್ನೊಂದು ಪ್ರೊಸೆಸ್ ನುಗ್ಗುತ್ತದೆ. ಸಂದಿಯನ್ನೇ ಮುಚ್ಚಬೇಕು. ದಾರಿಗಳು ಹೀಗಿವೆ.

ಅತಿ ಸರಳವಾದದ್ದು, ಕಳೆಯುವ ಕೆಲಸವನ್ನು ಡೇಟಾಬೇಸ್‌ಗೇ ಬಿಡುವುದು. ಆಜ್ಞೆ ಈ ಅರ್ಥದಲ್ಲಿರಲಿ: "ಅಪ್‌ಡೇಟ್ ರೂಮು ಸೆಟ್ ಖಾಲಿ = ಖಾಲಿ - 1 ವೇರ್ ದಿನ = ಈ ದಿನ ಅಂಡ್ ಖಾಲಿ > 0". ಆಮೇಲೆ ಎಷ್ಟು ಸಾಲು ಬದಲಾಯಿತು ಎಂದು ನೋಡಿ. 1 ಎಂದರೆ ರೂಮು ಸಿಕ್ಕಿತು. 0 ಎಂದರೆ ಬೇರೆಯವರು ಮುಂಚೆ ತೆಗೆದುಕೊಂಡರು, "ರೂಮು ಮುಗಿದಿದೆ" ಎಂದು ತೋರಿಸಿ. ಈ ಸಾಲಿನ ಎಣಿಕೆ ನೋಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ. ಜ್ಯಾಂಗೊ (ಪೈಥಾನ್‌ನ ವೆಬ್ ಚೌಕಟ್ಟು) ಬಳಸುವವರಿಗೆ ಎಫ್ ಎಕ್ಸ್‌ಪ್ರೆಶನ್ ಇದೇ ಕೆಲಸ ಮಾಡುತ್ತದೆ.

ಎರಡನೆಯದು ಯುನೀಕ್ ನಿರ್ಬಂಧ. ರೂಮಿನ ಸಂಖ್ಯೆ ಮತ್ತು ತಾರೀಕು ಸೇರಿ ಒಂದೇ ಸಲ ಇರಬೇಕು ಎಂದು ಟೇಬಲ್‌ನಲ್ಲೇ ಬರೆದಿಡಿ. ಆಗ ನಿಮ್ಮ ಕೋಡ್‌ನಲ್ಲಿ ಏನೇ ತಪ್ಪಿರಲಿ, ಎರಡನೇ ಸಾಲು ಒಳಗೆ ಬರುವುದಿಲ್ಲ. ಹಲವು ದಿನಗಳ ಬುಕಿಂಗ್ ಒಂದೇ ಸಾಲಿನಲ್ಲಿ ಇಡುವವರಿಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್‌ನಲ್ಲಿ ಎಕ್ಸ್‌ಕ್ಲೂಷನ್ ಕನ್ಸ್‌ಟ್ರೈಂಟ್ ಇದೆ. ಒಂದೇ ರೂಮಿನ ಎರಡು ದಿನಾಂಕದ ವ್ಯಾಪ್ತಿಗಳು ಒಂದರ ಮೇಲೊಂದು ಬರದಂತೆ ಅದು ತಡೆಯುತ್ತದೆ. ನನಗೆ ಈ ದಾರಿ ತುಂಬಾ ಇಷ್ಟ. ಆರು ತಿಂಗಳ ನಂತರ ಬೇರೆ ಯಾರೋ ಬಂದು ಹೊಸ ಪುಟ ಬರೆದರೂ ನಿಯಮ ಹಾಗೇ ಇರುತ್ತದೆ.

ಲೆಕ್ಕ ಜಟಿಲವಾಗಿದ್ದರೆ "ಸೆಲೆಕ್ಟ್ ಫಾರ್ ಅಪ್‌ಡೇಟ್" ಬಳಸಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎರಡರಲ್ಲೂ ಇದೆ. ಆ ಸಾಲಿಗೆ ಬೀಗ ಬೀಳುತ್ತದೆ, ಟ್ರಾನ್ಸಾಕ್ಷನ್ ಮುಗಿಯುವವರೆಗೆ ಅದೇ ಸಾಲು ಬೇಕೆನ್ನುವವರು ಕಾಯುತ್ತಾರೆ. ಎರಡು ಸಾಲಿಗೆ ಬೀಗ ಹಾಕಬೇಕಾದಾಗ ಯಾವಾಗಲೂ ಒಂದೇ ಕ್ರಮದಲ್ಲಿ ಹಾಕಿ. ಇಲ್ಲದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಕಾದು ಡೆಡ್‌ಲಾಕ್ ಆಗುತ್ತದೆ.

ಸಿಗ್ನಲ್ ಸರಿಯಿಲ್ಲದೆ ಜನ ಎರಡೆರಡು ಸಲ ಒತ್ತುತ್ತಾರೆ. ಯುಪಿಐ ಹಣ ಬಂದ ಸುದ್ದಿಯೂ ಎರಡು ಸಲ ಬಂದಿದೆ.

ಘಾಟಿ ಕಡೆ ಇದು ದಿನನಿತ್ಯದ ಪಾಡು. ಪೇಮೆಂಟ್ ಕಂಪನಿಗಳು ಕೂಡ ತಮಗೆ ಉತ್ತರ ಸಿಗದಿದ್ದರೆ ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತವೆ. ಎರಡೂ ಬೇರೆ ಬೇರೆ ವರ್ಕರ್‌ಗೆ ಒಂದೇ ಹೊತ್ತಿಗೆ ಬರಬಹುದು. "ಮೊದಲು ಹುಡುಕು, ಇಲ್ಲದಿದ್ದರೆ ಸೇರಿಸು" ಎಂದು ಬರೆದರೆ ಮೇಲೆ ಹೇಳಿದ ಸಂದಿಯೇ ಮತ್ತೆ ತೆರೆಯುತ್ತದೆ. ವ್ಯವಹಾರದ ಸಂಖ್ಯೆಗೆ ಯುನೀಕ್ ನಿರ್ಬಂಧ ಹಾಕಿ, "ಇನ್ಸರ್ಟ್ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್" ಬಳಸಿ. ಪೋಸ್ಟ್‌ಗ್ರೆಸ್ 9.5ರಿಂದ, ಎಸ್‌ಕ್ಯೂಲೈಟ್ 3.24ರಿಂದ ಇದು ಇದೆ. ಬುಕಿಂಗ್ ಫಾರ್ಮ್‌ಗೂ ತೆರೆಯುವಾಗಲೇ ಒಂದು ಟೋಕನ್ ಕೊಟ್ಟು ಅದೇ ರೀತಿ ಮಾಡಬಹುದು.

ಒಂದು ಜೇಸನ್ ಫೈಲ್‌ನಲ್ಲಿ ಇಟ್ಟರೆ ಆಗದೇ?

ಬರೆಯುವವರು ಒಬ್ಬರೇ, ಓದುವವರು ಹಲವರು ಎಂದಾದರೆ ಧಾರಾಳವಾಗಿ ಆಗುತ್ತದೆ. ದಿನಕ್ಕೊಮ್ಮೆ ಬದಲಾಗುವ ಧಾರಣೆಗೆ ನಾನು ಬೇಡ ಎನ್ನುವುದಿಲ್ಲ. ಆದರೆ ಇದ್ದ ಫೈಲನ್ನೇ ತೆರೆದು ಅದರ ಮೇಲೆ ಬರೆಯಬೇಡಿ. ಅರ್ಧ ಬರೆದಾಗ ಇನ್ನೊಂದು ವರ್ಕರ್ ಓದಿದರೆ ಅದಕ್ಕೆ ಅರ್ಧ ಜೇಸನ್ ಸಿಗುತ್ತದೆ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ಪೂರ್ತಿ ಬರೆಸಿ), ಆಮೇಲೆ ಹೆಸರು ಬದಲಾಯಿಸಿ. ಲಿನಕ್ಸ್‌ನಲ್ಲಿ ಒಂದೇ ಫೈಲ್‌ಸಿಸ್ಟಮ್ ಒಳಗೆ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೇ ಫೈಲ್ ಇಲ್ಲವೇ ಹೊಸ ಫೈಲ್ ಪೂರ್ತಿಯಾಗಿ ಸಿಗುತ್ತದೆ.

ಬರೆಯುವವರು ಇಬ್ಬರಾದರೆ ಬೀಗ ಬೇಕು. ಆ ಹಂತಕ್ಕೆ ಬಂದವರು ಎಸ್‌ಕ್ಯೂಲೈಟ್‌ಗೆ ಹೋಗುವುದೇ ಲೇಸು. ಯಾಕೆಂದರೆ ಫೈಲ್ ಬೀಗಗಳಲ್ಲಿ ಗುಂಡಿಗಳಿವೆ. ಲಿನಕ್ಸ್‌ನ ಎಫ್‌ಸಿಎನ್‌ಟಿಎಲ್ (fcntl) ಎಂಬ ಫೈಲ್ ಬೀಗವನ್ನೇ ತೆಗೆದುಕೊಳ್ಳಿ: ನಿಮ್ಮ ಪ್ರೊಸೆಸ್ ಅದೇ ಫೈಲನ್ನು ಬೇರೆಲ್ಲೋ ತೆರೆದು ಮುಚ್ಚಿದರೂ ಬೀಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ರೆಡಿಸ್ ಬೇಕೇ, ಮೆಮ್‌ಕ್ಯಾಶ್ಡ್ ಸಾಕೇ?

ಮೆಮ್‌ಕ್ಯಾಶ್ಡ್ 2003ರಲ್ಲಿ ಲೈವ್‌ಜರ್ನಲ್‌ಗಾಗಿ ಹುಟ್ಟಿದ್ದು. ಅದು ಕ್ಯಾಶ್ ಮಾತ್ರ. ಹೇಳದೆ ಬಿಟ್ಟರೆ 64 ಎಂಬಿ ಮೆಮೊರಿ ಬಳಸುತ್ತದೆ, ತುಂಬಿದರೆ ಹಳೆಯದನ್ನು ತೆಗೆದು ಹಾಕುತ್ತದೆ, ರೀಸ್ಟಾರ್ಟ್ ಆದರೆ ಖಾಲಿ. ಅದರಲ್ಲಿ ಬುಕಿಂಗ್ ಇಡುವುದು ಯೋಚನೆಗೂ ಬೇಡ.

ರೆಡಿಸ್ 2009ರಲ್ಲಿ ಬಂತು. ಅದರ ಆಜ್ಞೆಗಳು ಒಂದಾದ ಮೇಲೊಂದರಂತೆ ನಡೆಯುತ್ತವೆ. ಹಾಗಾಗಿ ನಾಲ್ಕು ವರ್ಕರ್ ಒಟ್ಟಿಗೆ "ಇನ್ಕರ್" ಎಂದರೂ ಎಣಿಕೆ ತಪ್ಪುವುದಿಲ್ಲ. ಟೋಕನ್ ಸಂಖ್ಯೆಗೆ, ನಿಮಿಷಕ್ಕೆ ಇಷ್ಟೇ ಕೋರಿಕೆ ಎಂಬ ಮಿತಿಗೆ ಹೇಳಿ ಮಾಡಿಸಿದ್ದು. ಆದರೆ ಡಿಸ್ಕ್‌ಗೆ ಬರೆಯುವ ವಿಚಾರದಲ್ಲಿ ಹುಷಾರಾಗಿರಿ. ಮೊದಲಿನ ಹೊಂದಿಕೆಯಲ್ಲಿ ಅದು ಆಗಾಗ ಸ್ನ್ಯಾಪ್‌ಶಾಟ್ ಮಾತ್ರ ತೆಗೆಯುತ್ತದೆ. ಕರೆಂಟ್ ಹೋದರೆ ಕೊನೆಯ ಸ್ನ್ಯಾಪ್‌ಶಾಟ್ ನಂತರದ್ದೆಲ್ಲ ಹೋಯಿತು. ಪ್ರತಿ ಬರಹವನ್ನೂ ಫೈಲ್‌ನ ಕೊನೆಗೆ ಸೇರಿಸುತ್ತಾ ಹೋಗುವ ಎಓಎಫ್ ಆನ್ ಮಾಡಿ ಸೆಕೆಂಡಿಗೊಮ್ಮೆ ಸಿಂಕ್ ಇಟ್ಟರೆ ಹೆಚ್ಚೂಕಡಿಮೆ ಒಂದು ಸೆಕೆಂಡಿನಷ್ಟು ನಷ್ಟ. ಸೆಷನ್‌ಗೆ ಅಷ್ಟು ಪರವಾಗಿಲ್ಲ, ಹಣಕ್ಕೆ ಬೇಡ. 2024ರಲ್ಲಿ ರೆಡಿಸ್ ಲೈಸೆನ್ಸ್ ಬದಲಾದ ಮೇಲೆ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಕವಲು ಹುಟ್ಟಿದೆ. ಇಲ್ಲಿ ಹೇಳಿದ್ದು ಅದಕ್ಕೂ ಹೊಂದುತ್ತದೆ.

ಜ್ಯಾಂಗೊದವರಿಗೆ ಒಂದು ಎಚ್ಚರಿಕೆ. ನೀವೇನೂ ಹೇಳದಿದ್ದರೆ ಅದರ ಕ್ಯಾಶ್ ಪ್ರೊಸೆಸ್ ಒಳಗಿನ ಮೆಮೊರಿಯಲ್ಲೇ ಇರುತ್ತದೆ. ಪ್ರತಿ ವರ್ಕರ್‌ಗೂ ಬೇರೆ ಬೇರೆ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಉಳಿದಿರುತ್ತದೆ.

ಲಾಗಿನ್ ಆದವರು ಮುಂದಿನ ಪುಟಕ್ಕೆ ಹೋದರೆ ಲಾಗ್‌ಔಟ್ ಆಗುತ್ತಾರೆ, ರಿಫ್ರೆಶ್ ಮಾಡಿದರೆ ಮತ್ತೆ ಒಳಗಿರುತ್ತಾರೆ!

ಸೀಕ್ರೆಟ್ ಕೀ ಎಲ್ಲಿಂದ ಬರುತ್ತಿದೆ ನೋಡಿ. ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಚೌಕಟ್ಟಿನಲ್ಲಿ ಸೆಷನ್ ಈ ಕೀಯಿಂದ ಸಹಿ ಹಾಕಿದ ಕುಕಿಯಲ್ಲಿ ಇರುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ಯಾದೃಚ್ಛಿಕವಾಗಿ ಕೀ ಹುಟ್ಟಿಸುವಂತೆ ಬರೆದಿದ್ದರೆ ಪ್ರತಿ ವರ್ಕರ್‌ಗೂ ಬೇರೆ ಕೀ. ಒಂದು ಹಾಕಿದ ಸಹಿಯನ್ನು ಇನ್ನೊಂದು ಒಪ್ಪುವುದಿಲ್ಲ. ಕೀಯನ್ನು ಒಮ್ಮೆ ಹುಟ್ಟಿಸಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೋ ಕಾನ್ಫಿಗ್ ಫೈಲ್‌ನಲ್ಲೋ ಇಡಿ. ಕುಕಿಗೆ ಸುಮಾರು 4 ಕೆಬಿ ಮಿತಿ ಇದೆ ಎಂಬುದೂ ನೆನಪಿರಲಿ.

ಡೇಟಾಬೇಸ್‌ನಿಂದ ಯಾರದ್ದೋ ಉತ್ತರ ಇನ್ಯಾರಿಗೋ ಬಂದಂತೆ ಕಾಣುತ್ತಿದೆ. ಸಾಧ್ಯವೇ?

ಸಾಧ್ಯ, ಅಪಾಯಕಾರಿ ಕೂಡ. ಫೋರ್ಕ್ ಆಗುವ ಮೊದಲೇ ಕನೆಕ್ಷನ್ ತೆರೆದಿದ್ದರೆ ಎಲ್ಲ ವರ್ಕರ್‌ಗಳೂ ಒಂದೇ ಸಾಕೆಟ್ ಮೂಲಕ ಮಾತಾಡುತ್ತವೆ, ಉತ್ತರಗಳು ಕಲಸಿಹೋಗುತ್ತವೆ. ಪೋಸ್ಟ್‌ಗ್ರೆಸ್ ಜೊತೆ ಎಸ್‌ಎಸ್‌ಎಲ್ ಇದ್ದರೆ "ಬ್ಯಾಡ್ ರೆಕಾರ್ಡ್ ಮ್ಯಾಕ್" ಎಂಬ ದೋಷ ಕಾಣುವುದು ಇದರ ಗುರುತು. ಪ್ರತಿ ವರ್ಕರ್ ಫೋರ್ಕ್ ಆದ ಮೇಲೆ ತನ್ನ ಕನೆಕ್ಷನ್ ತಾನೇ ತೆರೆಯಬೇಕು. ಗುನಿಕಾರ್ನ್‌ನಲ್ಲಿ ಪೋಸ್ಟ್ ಫೋರ್ಕ್ ಹುಕ್ ಇರುವುದು ಅದಕ್ಕೇ.

ವರ್ಕರ್ ಹೆಚ್ಚು ಮಾಡಿದ ಮೇಲೆ "ಟೂ ಮೆನಿ ಕ್ಲೈಂಟ್ಸ್" ಅಂತ ಬರುತ್ತಿದೆ.

ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ 100 ಕನೆಕ್ಷನ್ ಮಿತಿ, ಮೈಎಸ್‌ಕ್ಯೂಎಲ್‌ನಲ್ಲಿ 151. ನಾಲ್ಕು ಕೋರ್ ಇದ್ದರೆ ಗುನಿಕಾರ್ನ್ ಸೂತ್ರದಂತೆ (ಕೋರ್‌ಗಳ ಎರಡರಷ್ಟು, ಜೊತೆಗೆ ಒಂದು) 9 ವರ್ಕರ್. ಪ್ರತಿಯೊಂದಕ್ಕೂ 10ರ ಪೂಲ್ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಇಟ್ಟರೆ 90 ಆಯಿತು. ಇನ್ನೊಂದು ಮಷೀನ್ ಸೇರಿಸಿದರೆ 180. ಪೂಲ್ ಕಡಿಮೆ ಮಾಡಿ. ಥ್ರೆಡ್ ಇಲ್ಲದ ವರ್ಕರ್‌ಗೆ ಒಂದೇ ಕನೆಕ್ಷನ್ ಸಾಕು. ಅದೂ ಸಾಲದಿದ್ದರೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್ ನಡುವೆ ಇಡಿ.

ಬೆಳಿಗ್ಗೆ ಧಾರಣೆಯ ಎಸ್ಎಂಎಸ್ ರೈತರಿಗೆ ನಾಲ್ಕು ನಾಲ್ಕು ಸಲ ಹೋಗುತ್ತಿದೆ.

ವೇಳಾಪಟ್ಟಿಯ ಕೆಲಸವನ್ನು ವೆಬ್ ಪ್ರೋಗ್ರಾಮ್ ಒಳಗೇ ಶುರು ಮಾಡಿದ್ದೀರಿ. ವರ್ಕರ್‌ಗೊಂದರಂತೆ ಓಡುತ್ತಿದೆ. ಅದನ್ನು ಹೊರಗೆ ತೆಗೆದು ಕ್ರಾನ್ ಅಥವಾ ಸಿಸ್ಟಮ್‌ಡಿ ಟೈಮರ್‌ಗೆ ಕೊಡಿ. ಕಳಿಸಬೇಕಾದ ಸಂದೇಶಗಳನ್ನು ಟೇಬಲ್‌ನಲ್ಲಿ ಇಟ್ಟು ಹಲವು ಪ್ರೊಸೆಸ್‌ಗಳು ಹಂಚಿಕೊಂಡು ಕಳಿಸಬೇಕೆಂದರೆ ಪೋಸ್ಟ್‌ಗ್ರೆಸ್‌ನ "ಸ್ಕಿಪ್ ಲಾಕ್ಡ್" ಬಳಸಿ. ಒಬ್ಬರು ಬೀಗ ಹಾಕಿದ ಸಾಲನ್ನು ಇನ್ನೊಬ್ಬರು ದಾಟಿ ಮುಂದಿನದನ್ನು ಎತ್ತಿಕೊಳ್ಳುತ್ತಾರೆ.

ಎರಡನೇ ಮಷೀನ್ ಸೇರಿಸಿದರೆ ಏನೇನು ಬದಲಾಗುತ್ತದೆ?

ಎಸ್‌ಕ್ಯೂಲೈಟ್ ಅಲ್ಲಿಗೆ ನಿಲ್ಲುತ್ತದೆ. ಅದರ ಫೈಲನ್ನು ನೆಟ್‌ವರ್ಕ್ ಡ್ರೈವ್ ಮೇಲೆ ಇಟ್ಟು ಎರಡು ಮಷೀನಿನಿಂದ ಬಳಸಬೇಡಿ. ವಾಲ್ ಮೋಡ್‌ಗೆ ಎಲ್ಲ ಪ್ರೊಸೆಸ್‌ಗಳೂ ಒಂದೇ ಮಷೀನ್‌ನ ಮೆಮೊರಿ ಹಂಚಿಕೊಳ್ಳಬೇಕು. ಪೋಸ್ಟ್‌ಗ್ರೆಸ್‌ಗೆ ಹೋಗುವ ಹೊತ್ತು ಅದು. ಅಪ್‌ಲೋಡ್ ಆದ ಫೋಟೋಗಳಿಗೂ ಎರಡಕ್ಕೂ ಸಿಗುವ ಜಾಗ ಬೇಕು. ಪಿಎಚ್‌ಪಿಯ ಸೆಷನ್ ಸಾಮಾನ್ಯವಾಗಿ ಆ ಮಷೀನ್‌ನ ಫೈಲ್‌ನಲ್ಲಿ ಇರುತ್ತದೆ, ಪಿಎಚ್‌ಪಿಯ ಮೆಮೊರಿ ಕ್ಯಾಶ್ ಆದ ಎಪಿಸಿಯು ಕೂಡ ಆ ಮಷೀನ್‌ಗಷ್ಟೇ ಸೀಮಿತ.

ಒಬ್ಬರನ್ನು ಯಾವಾಗಲೂ ಒಂದೇ ಮಷೀನ್‌ಗೆ ಕಳಿಸುವ ಉಪಾಯವೂ ಇದೆ. ಎನ್‌ಜಿನ್‌ಎಕ್ಸ್‌ನ ಐಪಿ ಹ್ಯಾಶ್ ಅಂಥದ್ದು, ಬಂದವರ ಐಪಿ ವಿಳಾಸ ನೋಡಿ ಮಷೀನ್ ಆರಿಸುತ್ತದೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾವಿರಾರು ಜನ ಒಂದೇ ಐಪಿ ಹಿಂದೆ ಇರಬಹುದು, ಒಬ್ಬರದ್ದೇ ಐಪಿ ದಾರಿಯಲ್ಲಿ ಬದಲಾಗಲೂಬಹುದು. ನಮ್ಮ ಕಡೆಯ ಗಿರಾಕಿಗಳು ಹೆಚ್ಚಿನವರು ಮೊಬೈಲ್‌ನಲ್ಲೇ ಬರುವುದರಿಂದ ನಾನು ಇದನ್ನು ನೆಚ್ಚಿಕೊಳ್ಳುವುದಿಲ್ಲ.

ಬ್ಯಾಕಪ್‌ಗೆ ಫೈಲ್ ಕಾಪಿ ಮಾಡಿದರೆ ಸಾಕೇ?

ಓಡುತ್ತಿರುವ ಎಸ್‌ಕ್ಯೂಲೈಟ್ ಫೈಲನ್ನು ಸುಮ್ನೆ ಕಾಪಿ ಮಾಡಬೇಡಿ. ಇತ್ತೀಚಿನ ಬರಹಗಳು ಪಕ್ಕದ ವಾಲ್ ಫೈಲ್‌ನಲ್ಲೇ ಇರಬಹುದು. ಅದರ ಬ್ಯಾಕಪ್ ಆಜ್ಞೆ ಬಳಸಿ, ಅಥವಾ 3.27ರಿಂದ ಇರುವ "ವ್ಯಾಕ್ಯೂಮ್ ಇಂಟು" ಬಳಸಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿಡಂಪ್ ಇದೆ, ವರ್ಕರ್‌ಗಳನ್ನು ನಿಲ್ಲಿಸುವ ಅಗತ್ಯವಿಲ್ಲ. ಪ್ರತಿಯನ್ನು ಅದೇ ಕಟ್ಟಡದಲ್ಲಿ ಇಡಬೇಡಿ. ಸಿಡಿಲಿಗೆ ಮಷೀನೂ ಪಕ್ಕದ ಡಿಸ್ಕೂ ಒಟ್ಟಿಗೇ ಹೋಗುತ್ತವೆ.

ಗಿರಾಕಿಗೆ ಕೊಡುವ ಮೊದಲು ಇದನ್ನೆಲ್ಲ ಹೇಗೆ ಪರೀಕ್ಷೆ ಮಾಡುವುದು?

ಲ್ಯಾಪ್‌ಟಾಪ್‌ನಲ್ಲೇ ನಾಲ್ಕು ವರ್ಕರ್ ಹಾಕಿ ಓಡಿಸಿ. ಓದುವ ಸಾಲು ಮತ್ತು ಬರೆಯುವ ಸಾಲಿನ ನಡುವೆ ಎರಡು ಸೆಕೆಂಡಿನ ಸ್ಲೀಪ್ ಹಾಕಿ. ಕೊನೆಯ ಒಂದು ರೂಮು ಉಳಿಸಿಕೊಂಡು, ಎರಡು ಟರ್ಮಿನಲ್‌ನಿಂದ ಒಟ್ಟಿಗೆ ಕರ್ಲ್ ಆಜ್ಞೆಯಿಂದ ಬುಕಿಂಗ್ ಕೋರಿಕೆ ಕಳಿಸಿ. ಇಬ್ಬರಿಗೂ "ಬುಕ್ ಆಗಿದೆ" ಎಂದು ಬಂದರೆ ಸಂದಿ ಇನ್ನೂ ತೆರೆದಿದೆ. ಆಮೇಲೆ ಬುಕಿಂಗ್ ನಡೆಯುತ್ತಿರುವಾಗಲೇ ಒಂದು ವರ್ಕರನ್ನು ಕಿಲ್ -9 ಆಜ್ಞೆಯಿಂದ ದಿಢೀರನೆ ಕೊಂದು, ಟೇಬಲ್‌ನಲ್ಲಿ ಅರ್ಧಂಬರ್ಧ ಸಾಲು ಉಳಿದಿದೆಯೇ ನೋಡಿ. ಕೊನೆಗೆ ನಿನ್ನೆಯ ಬ್ಯಾಕಪ್ ತೆಗೆದು ಬೇರೆ ಮಷೀನ್‌ನಲ್ಲಿ ತೆರೆದು ನೋಡಿ. ಈ ಪರೀಕ್ಷೆಗಳನ್ನು ಕೋಡ್ ಬದಲಾಯಿಸಿದಾಗಲೆಲ್ಲ ಮತ್ತೆ ಮಾಡಿ, ಮುಖ್ಯವಾಗಿ ಜೂನ್‌ಗೆ ಮೊದಲು.